ಹೆಸರಿತ್ತು, ಜನ ಬಂದರು, ಮೈದಾನ ಮಾತ್ರ ಸಿಗಲಿಲ್ಲ

ಬಾಕ್ಸಿಂಗ್ ನೋಡುವವರಿಗೆ ಕ್ವೀನ್ಸ್‌ಬೆರಿ ನಿಯಮಗಳ ಬಗ್ಗೆ ಗೊತ್ತಿರುತ್ತೆ. ಕೈಗೆ ಗ್ಲೌಸ್ ಹಾಕಿ ಮೂರು ನಿಮಿಷದ ಸುತ್ತುಗಳಲ್ಲಿ ಸೆಣಸಬೇಕು ಅನ್ನುವ ನಿಯಮಗಳವು. ಕ್ವೀನ್ಸ್‌ಬೆರಿಯ ಮಾರ್ಕ್ವಿಸ್ ಅವನ್ನು ಬರೆದವನಲ್ಲ, ಹೆಸರು ಕೊಟ್ಟವನು ಅಷ್ಟೇ. ಆ ಹೆಸರು ಇವತ್ತಿಗೂ ಉಳಿದಿದೆ. ಅವನ ತಂಗಿಯೂ ಒಂದು ಆಟಕ್ಕೆ ತನ್ನ ಹೆಸರು ಕೊಟ್ಟಳು. ಅದು ಎಷ್ಟು ಜನಕ್ಕೆ ಗೊತ್ತು? ಆ ತಂಗಿ ಲೇಡಿ ಫ್ಲಾರೆನ್ಸ್ ಡಿಕ್ಸಿಯ ಬದುಕನ್ನು ಫುಟ್‌ಬಾಲ್ ಕಡೆಯಿಂದ ನೋಡೋಣ ಅಂತ ನಾನು ಹೊರಟಿದ್ದೇನೆ.

ಆಕೆ ಹುಟ್ಟಿದ್ದು 1855ರಲ್ಲಿ, ಸ್ಕಾಟ್ಲೆಂಡಿನ ಸಿರಿವಂತ ಡಗ್ಲಸ್ ಮನೆತನದಲ್ಲಿ. ಸಿರಿಯ ಜೊತೆ ಸಾವೂ ಆ ಮನೆಯಲ್ಲಿ ಧಾರಾಳವಾಗಿತ್ತು. ಆಕೆಗೆ ಮೂರು ವರ್ಷವಾಗಿದ್ದಾಗ ಅಪ್ಪ ಗುಂಡೇಟಿನಿಂದ ಸತ್ತ. ಹತ್ತರ ವಯಸ್ಸಿನಲ್ಲಿ ಒಬ್ಬ ಅಣ್ಣ ಮ್ಯಾಟರ್‌ಹಾರ್ನ್ ಶಿಖರದಿಂದ ಇಳಿಯುವಾಗ ಬಿದ್ದು ಹೋದ. ಮದುವೆಯಾಗಿ ಇಬ್ಬರು ಪುಟ್ಟ ಗಂಡುಮಕ್ಕಳಾದ ಮೇಲೂ ಆಕೆ ಮನೆಯಲ್ಲಿ ಕೂರಲಿಲ್ಲ. 1878ರ ಕೊನೆಯಲ್ಲಿ ಗಂಡ, ಅಣ್ಣತಮ್ಮಂದಿರ ಜೊತೆ ಹಡಗು ಹತ್ತಿ ದಕ್ಷಿಣ ಅಮೆರಿಕದ ತುದಿಯ ಪ್ಯಾಟಗೋನಿಯಾಕ್ಕೆ ಹೋಗಿ, ಕುದುರೆ ಮೇಲೆ ಬಯಲು ಸುತ್ತಿ, ಬೇಟೆಯಾಡಿ, ಬಂದು ಪುಸ್ತಕ ಬರೆದಳು. 1881ರಲ್ಲಿ ಮಾರ್ನಿಂಗ್ ಪೋಸ್ಟ್ ಪತ್ರಿಕೆಯ ವರದಿಗಾರ್ತಿಯಾಗಿ ದಕ್ಷಿಣ ಆಫ್ರಿಕಕ್ಕೆ ಹೋದಳು. ಅಲ್ಲಿ ಬ್ರಿಟಿಷರು ಸೆರೆಯಲ್ಲಿಟ್ಟಿದ್ದ ಜುಲು ದೊರೆ ಕೆಚ್‌ವಾಯೊನನ್ನು ಭೇಟಿಯಾಗಿ, ಅವನಿಗೆ ರಾಜ್ಯ ವಾಪಸ್ ಕೊಡಿ ಅಂತ ತನ್ನದೇ ಸರ್ಕಾರದ ವಿರುದ್ಧ ಬರೆದಳು. ಸಾಮ್ರಾಜ್ಯದ ಅನ್ನ ಉಂಡವಳೇ, ನಿಜ. ಆದರೆ ಉಂಡವರೆಲ್ಲ ಹೀಗೆ ಬರೆಯಲಿಲ್ಲವಲ್ಲ. ಮುಂದೆ, ತಾನೇ ಆಡಿದ್ದ ಬೇಟೆಯನ್ನೂ ಖಂಡಿಸಿ ಬರೆದಳು.

1890ರಲ್ಲಿ ಬಂದ ಆಕೆಯ ಕಾದಂಬರಿ 'ಗ್ಲೋರಿಯಾನ'ದಲ್ಲಿ ಒಬ್ಬ ಹೆಣ್ಣು ಗಂಡಿನ ವೇಷ ಹಾಕಿ ಪಾರ್ಲಿಮೆಂಟಿಗೆ ಆರಿಸಿ ಬಂದು ಪ್ರಧಾನಿಯೂ ಆಗುತ್ತಾಳೆ. ಹೆಂಗಸರಿಗೆ ಓಟೇ ಇಲ್ಲದ ಕಾಲ ಅದು. ಬಿಗಿ ಕಾರ್ಸೆಟ್, ನೆಲ ಗುಡಿಸುವ ಲಂಗಗಳಿಂದ ಹೆಣ್ಣಿನ ಮೈ ಬಿಡಿಸಬೇಕು, ಹುಡುಗಿಯರಿಗೂ ಹುಡುಗರ ಹಾಗೆ ಓಡಾಟ ಬೇಕು ಅನ್ನುವುದು ಆಕೆಯ ಹಟವಾಗಿತ್ತು. ಹಾಗಾಗಿ ನೆಟ್ಟಿ ಹನಿಬಾಲ್ ಅನ್ನುವ ಯುವತಿ ಬ್ರಿಟಿಷ್ ಲೇಡೀಸ್ ಫುಟ್‌ಬಾಲ್ ಕ್ಲಬ್ ಕಟ್ಟಿದಾಗ ಡಿಕ್ಸಿ ಅಧ್ಯಕ್ಷೆಯಾದಳು. ಒಂದು ಷರತ್ತು ಹಾಕಿದಳು: ಆಡುವವರು ಮನಸ್ಸಿಟ್ಟು ಆಡಬೇಕು. ತಮಾಷೆಗೆ ಅಂತ ಬರುವ ಹಾಗಿಲ್ಲ.

1895ರ ಮಾರ್ಚ್ 23ರಂದು ಉತ್ತರ ಲಂಡನ್ನಿನ ಕ್ರೌಚ್ ಎಂಡ್‌ನಲ್ಲಿ ಮೊದಲ ಪಂದ್ಯ. ಕ್ಲಬ್ಬಿನವರೇ ಉತ್ತರ, ದಕ್ಷಿಣ ಅಂತ ಎರಡು ತಂಡವಾದರು. ನೋಡೋಕೆ ಬಂದವರು ಸುಮಾರು 10,000 ಜನ. ಉತ್ತರ ತಂಡ 7-1ರಿಂದ ಗೆದ್ದಿತು. ಮರುದಿನಗಳ ಪತ್ರಿಕೆಗಳಲ್ಲಿ ಗೋಲುಗಳಿಗಿಂತ ಬಟ್ಟೆಯ ವರ್ಣನೆಯೇ ಜಾಸ್ತಿ: ಸಡಿಲ ಬ್ಲೌಸು, ಮೊಣಕಾಲಿನ ಹತ್ತಿರ ಬಿಗಿದ ನಿಕ್ಕರು, ತಲೆ ಮೇಲೆ ಟೋಪಿ. ಕುಹಕವೂ ಸಾಕಷ್ಟಿತ್ತು. ಇವತ್ತಿನ ಕಾಮೆಂಟ್ ಬಾಕ್ಸುಗಳನ್ನು ನೋಡಿದವರಿಗೆ ಇದು ಹೊಸದೇನಲ್ಲ ಬಿಡಿ.

ಇನ್ನು ನನ್ನನ್ನು ಕಾಡುವ ವಿಷಯಕ್ಕೆ ಬರ್ತೀನಿ. ನೆಟ್ಟಿ ಹನಿಬಾಲ್ ಅನ್ನುವುದು ಆಕೆಯ ನಿಜವಾದ ಹೆಸರಲ್ಲ ಅನ್ನುವುದು ಬಹಳಷ್ಟು ಇತಿಹಾಸಕಾರರ ಅಭಿಪ್ರಾಯ. ಕ್ಲಬ್ ಕಟ್ಟಿದವಳು, ಬೂಟು ಕಟ್ಟಿ ಕೆಸರಿಗೆ ಇಳಿದವಳು ತನ್ನ ಹೆಸರು ಮರೆಸಿಕೊಳ್ಳಬೇಕಾಯ್ತು. ಡಿಕ್ಸಿ ಮಾತ್ರ ತನ್ನ ಹೆಸರನ್ನು ಧೈರ್ಯವಾಗಿ ಹಾಕಿದಳು, ಯಾಕಂದ್ರೆ ಅದರ ಮುಂದೆ 'ಲೇಡಿ' ಅಂತಿತ್ತು. ಡಿಕ್ಸಿಯನ್ನು ಸಣ್ಣವಳು ಮಾಡೋಕೆ ಹೇಳ್ತಿಲ್ಲ. ಆ ವಸಂತದಲ್ಲಿ ಡಗ್ಲಸ್ ಹೆಸರೂ ಅಷ್ಟು ಸುರಕ್ಷಿತವಾಗಿರಲಿಲ್ಲ: ಪಂದ್ಯವಾಗಿ 11 ದಿನಕ್ಕೆ, ಆಸ್ಕರ್ ವೈಲ್ಡ್ ಅದೇ ಮಾರ್ಕ್ವಿಸ್ ಅಣ್ಣನ ಮೇಲೆ ಹೂಡಿದ್ದ ಮಾನನಷ್ಟ ಮೊಕದ್ದಮೆ ಶುರುವಾಗಿ ಇಡೀ ಲಂಡನ್ ಅದನ್ನೇ ಮಾತಾಡುತ್ತಿತ್ತು. ಆದರೂ ಅಪಹಾಸ್ಯ ತಾಳಿಕೊಳ್ಳುವ ಶಕ್ತಿ ಎಲ್ಲರಿಗೂ ಒಂದೇ ಸಮ ಹಂಚಿಕೆಯಾಗಿರುವುದಿಲ್ಲ.

ತಂಡ ಊರೂರು ತಿರುಗಿ ಆಡಿತು. ಹಣ ಬರುತ್ತಿದ್ದದ್ದು ಗೇಟಿನಲ್ಲಿ ಟಿಕೆಟ್ ಮಾರಿ. ಸ್ವಂತ ಮೈದಾನವಿಲ್ಲ, ಆಡೋಕೆ ಲೀಗ್ ಇಲ್ಲ, ಹಿಂದೆ ನಿಲ್ಲುವ ಸಂಸ್ಥೆ ಇಲ್ಲ. ಕುತೂಹಲಕ್ಕೆ ಬಂದ ಜನ ಕರಗಿದ ಹಾಗೆ ಕಾಸೂ ಕರಗಿತು. ಒಂದೆರಡು ವರ್ಷದಲ್ಲೇ ತಂಡ ಚದುರಿಹೋಯ್ತು. 1902ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್, ಹೆಂಗಸರ ತಂಡಗಳ ಜೊತೆ ಆಡಬೇಡಿ ಅಂತ ತನ್ನ ಕ್ಲಬ್ಬುಗಳಿಗೆ ಸೂಚಿಸಿತು.

ಜನ ಬರಲ್ಲ, ಅದಕ್ಕೇ ಮಹಿಳಾ ತಂಡಗಳು ಮುಚ್ಚಿಹೋಗುತ್ತವೆ ಅನ್ನುವ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕಿನಲ್ಲಿ, ಕಾರ್ಖಾನೆ ಹುಡುಗಿಯರ ಡಿಕ್, ಕೆರ್ ತಂಡದ ಆಟ ನೋಡೋಕೆ ಸುಮಾರು 53,000 ಜನ ಸೇರಿದ್ದರು. ಮರುವರ್ಷ ಡಿಸೆಂಬರ್ 5ಕ್ಕೆ ಅದೇ ಅಸೋಸಿಯೇಷನ್ ತನ್ನ ಕ್ಲಬ್ಬುಗಳ ಮೈದಾನಗಳನ್ನೆಲ್ಲ ಹೆಂಗಸರಿಗೆ ಮುಚ್ಚಿತು. ಆ ಬಾಗಿಲು ತೆರೆಯೋಕೆ ಸುಮಾರು 50 ವರ್ಷ ಹಿಡಿಯಿತು.

ಇದ್ಯಾವುದನ್ನೂ ಡಿಕ್ಸಿ ನೋಡಲಿಲ್ಲ. 1905ರ ನವೆಂಬರ್‌ನಲ್ಲಿ ಡಿಫ್ತೀರಿಯಾ ತಗುಲಿ, 50ನೇ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಕಾದಂಬರಿಯ ನಾಯಕಿ ಪ್ರಧಾನಿಯಾಗಿದ್ದ ದೇಶದಲ್ಲಿ ಹೆಂಗಸರು ಮೊದಲ ಸಲ ಪಾರ್ಲಿಮೆಂಟಿಗೆ ಓಟು ಹಾಕಿದ್ದು 1918ರಲ್ಲಿ. ಅದೂ 30 ದಾಟಿದವರು, ಅದರಲ್ಲೂ ಆಸ್ತಿಯ ಷರತ್ತು ಪೂರೈಸಿದವರು ಮಾತ್ರ.