ಷರ್ಲಾಕ್ ಹೋಮ್ಸ್‌ನ ಜನಕ ಮತ್ತು ಪಾರ್ಸಿ ವಕೀಲ

ಷರ್ಲಾಕ್ ಹೋಮ್ಸ್ ಎಂಬ ಪತ್ತೇದಾರನ ಹೆಸರು ಕೇಳದ ಓದುಗರು ವಿರಳ. ಆತನನ್ನು ಸೃಷ್ಟಿಸಿದ ಸರ್ ಆರ್ಥರ್ ಕಾನನ್ ಡಾಯ್ಲ್ ಅವರು ಕಥೆಯ ಹೊರಗೂ ಒಮ್ಮೆ ಪತ್ತೇದಾರಿಕೆಗೆ ಇಳಿದು, ಮುಂಬಯಿ ಮೂಲದ ಪಾರ್ಸಿ ಮನೆತನದ ತರುಣನ ಪರವಾಗಿ ಇಂಗ್ಲೆಂಡಿನ ಪೊಲೀಸರನ್ನು ಎದುರು ಹಾಕಿಕೊಂಡ ಸಂಗತಿ ಮಾತ್ರ ಬಹುಮಂದಿಗೆ ತಿಳಿಯದು.

ಡಾಯ್ಲ್ ಜನಿಸಿದ್ದು 1859ರ ಮೇ 22ರಂದು, ಎಡಿನ್‌ಬರೋದಲ್ಲಿ. ತಂದೆ ಕುಡಿತಕ್ಕೆ ದಾಸರಾಗಿದ್ದರಿಂದ ಸಂಸಾರದ ಭಾರ ತಾಯಿ ಮೇರಿ ಅವರ ಮೇಲೆ ಬಿತ್ತು. ವೈದ್ಯ ಶಿಕ್ಷಣದ ವೇಳೆ ಗುರುಗಳಾಗಿ ದೊರೆತ ಜೋಸೆಫ್ ಬೆಲ್, ರೋಗಿಯನ್ನು ನೋಡಿದೊಡನೆ ಆತನ ವೃತ್ತಿ, ಊರುಗಳನ್ನು ಊಹಿಸಬಲ್ಲವರಾಗಿದ್ದರು. ಹೋಮ್ಸ್‌ನ ಬೀಜ ಮೊಳೆತದ್ದು ಅಲ್ಲಿಯೇ. ಸೌತ್‌ಸೀ ಪಟ್ಟಣದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದಾಗ, 1887ರಲ್ಲಿ ಹೋಮ್ಸ್‌ನ ಮೊದಲ ಕಥೆ ಅಚ್ಚಾಯಿತು. 1891ರಲ್ಲಿ ನೇತ್ರಚಿಕಿತ್ಸೆ ಕಲಿಯಲೆಂದು ವಿಯೆನ್ನಾಕ್ಕೆ ಹೋಗಿಬಂದು ಲಂಡನ್ನಿನಲ್ಲಿ ಚಿಕಿತ್ಸಾಲಯ ತೆರೆದರಾದರೂ ರೋಗಿಗಳು ಸುಳಿಯಲಿಲ್ಲ. ಲೇಖನಿಯೇ ಅನ್ನ ನೀಡಿತು. 1902ರಲ್ಲಿ ಸರ್ ಪದವಿಯೂ ಒಲಿಯಿತು. 1906ರ ಜುಲೈನಲ್ಲಿ ಪತ್ನಿ ಲೂಯಿಸಾ ಕ್ಷಯದಿಂದ ತೀರಿಕೊಂಡಾಗ ಡಾಯ್ಲ್ ಕುಗ್ಗಿಹೋದರು. ಆ ದಿನಗಳಲ್ಲಿಯೇ ಜಾರ್ಜ್ ಎಡಲ್ಜಿ ಅವರ ಪ್ರಕರಣ ಕೈಗೆ ಬಂತು.

ಜಾರ್ಜ್ ಅವರ ತಂದೆ ಶಾಪುರ್ಜಿ ಎಡಲ್ಜಿ ಕ್ರೈಸ್ತಧರ್ಮ ಸ್ವೀಕರಿಸಿದ ಪಾರ್ಸಿ. ಸ್ಟಾಫರ್ಡ್‌ಷೈರ್ ಪ್ರಾಂತ್ಯದ ಗ್ರೇಟ್ ವೈರ್ಲಿ ಎಂಬ ಗಣಿಹಳ್ಳಿಯಲ್ಲಿ ಚರ್ಚಿನ ಪಾದ್ರಿ. ತಾಯಿ ಇಂಗ್ಲಿಷ್ ಮಹಿಳೆ. ಕಂದುಬಣ್ಣದ ಪಾದ್ರಿಯ ಮನೆಗೆ ವರ್ಷಗಟ್ಟಲೆ ಅನಾಮಧೇಯ ಬೆದರಿಕೆ ಪತ್ರಗಳು ಬಂದವು. ಜಿಲ್ಲೆಯ ಮುಖ್ಯ ಪೊಲೀಸ್ ಅಧಿಕಾರಿ ಕ್ಯಾಪ್ಟನ್ ಆ್ಯನ್ಸನ್, ಇನ್ನೂ ಶಾಲಾ ಬಾಲಕನಾಗಿದ್ದ ಜಾರ್ಜ್ ಮೇಲೆಯೇ ಶಂಕೆ ತಾಳಿದರು. ಹುಡುಗ ಏನು ಹೇಳಿದರೂ ನಂಬುವುದಿಲ್ಲವೆಂದು ತಂದೆಗೆ ತಿಳಿಸಿಯೂ ಬಿಟ್ಟರು! 1903ರಲ್ಲಿ ಆ ಊರಿನ ಸುತ್ತ ರಾತ್ರಿವೇಳೆ ಕುದುರೆ, ದನ, ಕುರಿಗಳ ಹೊಟ್ಟೆ ಸೀಳುವ ಕೃತ್ಯಗಳು ಆರಂಭವಾದವು. ಆಗಸ್ಟ್‌ನಲ್ಲಿ ಗಣಿಯ ಕುದುರೆಮರಿಯೊಂದು ಹೀಗೆ ಗಾಯಗೊಂಡಾಗ ಪೊಲೀಸರು ನೇರವಾಗಿ ಪಾದ್ರಿಯ ಮನೆಗೆ ಬಂದರು. ಬರ್ಮಿಂಗ್‌ಹ್ಯಾಮಿನಲ್ಲಿ ವಕೀಲಿ ಮಾಡುತ್ತ, ರೈಲ್ವೆ ಕಾನೂನಿನ ಕುರಿತು ಪುಸ್ತಕವನ್ನೂ ಬರೆದಿದ್ದ 27ರ ತರುಣ ಸೆರೆಯಾದರು. ರಾತ್ರಿಯಿಡೀ ಮಗ ತನ್ನ ಕೋಣೆಯಲ್ಲಿಯೇ ಮಲಗಿದ್ದನೆಂಬ ತಂದೆಯ ಸಾಕ್ಷ್ಯಕ್ಕೆ ಬೆಲೆ ಸಿಗಲಿಲ್ಲ. ಅಕ್ಟೋಬರ್‌ನಲ್ಲಿ ಏಳು ವರ್ಷ ಕಠಿಣ ಸಜೆ. ಅವರು ಬಂಧನದಲ್ಲಿದ್ದಾಗಲೂ ಪ್ರಾಣಿಗಳ ಮೇಲಿನ ದಾಳಿ ನಿಲ್ಲಲಿಲ್ಲ. ಸುಮಾರು ಹತ್ತು ಸಾವಿರ ಮಂದಿ ಮನವಿಗೆ ಸಹಿ ಹಾಕಿದರು. ಮೂರು ವರ್ಷಗಳ ನಂತರ, ಕಾರಣವನ್ನೂ ಹೇಳದೆ, ನಿರ್ದೋಷಿಯೆಂದೂ ಸಾರದೆ ಸರಕಾರ ಅವರನ್ನು ಹೊರಗೆ ಬಿಟ್ಟಿತು.

ಸುದ್ದಿ ಬಂದ ಕ್ಷಣದಲ್ಲಿಯೇ ಪೊಲೀಸರನ್ನು ಜನಾಂಗದ್ವೇಷಿಗಳೆಂದು ಜರಿಯುವವರು, ಅಷ್ಟೇ ಅವಸರದಲ್ಲಿ ಅವರನ್ನು ಸಮರ್ಥಿಸುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಡಾಯ್ಲ್ ಆರಂಭದಲ್ಲಿ ಈ ಎರಡೂ ಗುಂಪಿಗೆ ಸೇರಲಿಲ್ಲ. ಮೊದಲು ವಿಚಾರಣೆಯ ಕಾಗದಪತ್ರಗಳನ್ನು ಓದಿದರು. 1907ರ ಜನವರಿಯಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಎಡಲ್ಜಿ ಅವರನ್ನು ಕಾಣಲು ಹೋದಾಗ, ಆತ ಪತ್ರಿಕೆಯನ್ನು ಕಣ್ಣಿಗೆ ತೀರ ಹತ್ತಿರ, ಓರೆಯಾಗಿ ಹಿಡಿದು ಓದುತ್ತಿದ್ದುದನ್ನು ದೂರದಿಂದಲೇ ಗಮನಿಸಿದರು. ರೋಗಿಗಳಿಲ್ಲದ ನೇತ್ರವೈದ್ಯರಿಗೆ ವಿದ್ಯೆ ಕೊನೆಗೂ ಉಪಯೋಗಕ್ಕೆ ಬಂತು! ಇಷ್ಟು ಮಂದದೃಷ್ಟಿಯವನು ಕಗ್ಗತ್ತಲಲ್ಲಿ ಹೊಲ, ಬೇಲಿ, ರೈಲುಹಳಿ ದಾಟಿ, ಕಾವಲಿದ್ದ ಪೊಲೀಸರ ಕಣ್ತಪ್ಪಿಸಿ ಹೋಗಿಬರುವುದು ಸಾಧ್ಯವೇ? ವೈರ್ಲಿಗೆ ತೆರಳಿ ಆ ದಾರಿಯನ್ನು ಸ್ವತಃ ನೋಡಿದರು. ಆ್ಯನ್ಸನ್ ಅವರನ್ನೂ ಭೇಟಿಯಾದರು. ಬಳಿಕವೇ ಡೈಲಿ ಟೆಲಿಗ್ರಾಫ್ ಪತ್ರಿಕೆಯಲ್ಲಿ ಬರೆದರು. ಎಡಲ್ಜಿ ಅವರ ಕೋಟಿನ ಮೇಲೆ ದೊರೆತ ಕುದುರೆಯ ಕೂದಲು, ಅಕ್ಷರತಜ್ಞರ ಹೇಳಿಕೆ ಮುಂತಾದ ಸಾಕ್ಷ್ಯಗಳನ್ನು ಒಂದೊಂದಾಗಿ ಬಿಡಿಸಿಟ್ಟ ಮೇಲೆ ವರ್ಣದ್ವೇಷದ ಮಾತೆತ್ತಿದರು. ಹಾಗೆಂದು ಡಾಯ್ಲ್ ಪೂರ್ತಿ ಪೂರ್ವಗ್ರಹಮುಕ್ತರೇನಲ್ಲ. ಒರಟು ಹಳ್ಳಿಗೆ ಕರಿಯ ಪಾದ್ರಿ ಬಂದರೆ ಗೋಳು ತಪ್ಪದೆಂಬಂತೆ ಅವರೂ ಬರೆದಿದ್ದರು.

ಸರಕಾರ ಮೂವರ ಸಮಿತಿ ನೇಮಿಸಿತು. ಪ್ರಾಣಿಹಿಂಸೆಯ ಆರೋಪದಿಂದ ಎಡಲ್ಜಿ ಮುಕ್ತರಾದರು. ಆದರೆ ಪತ್ರಗಳನ್ನು ಬರೆದವರು ಅವರೇ, ಆದ್ದರಿಂದ ಕಷ್ಟವನ್ನು ತಾವೇ ತಂದುಕೊಂಡರೆಂದು ಹೇಳಿ ಪರಿಹಾರ ನಿರಾಕರಿಸಲಾಯಿತು. ಮೂವರಲ್ಲಿ ಒಬ್ಬರು ಆ್ಯನ್ಸನ್ ಅವರ ಸಂಬಂಧಿ ಎಂಬುದನ್ನು ಮರೆಯಲಾಗದು.

ಇಲ್ಲಿಗೆ ನಿಂತಿದ್ದರೆ ಡಾಯ್ಲ್ ಅವರ ಕೀರ್ತಿಗೆ ಕುಂದಿರುತ್ತಿರಲಿಲ್ಲ. ಆದರೆ ನಿಜವಾದ ಅಪರಾಧಿಯನ್ನು ತಾವೇ ಹಿಡಿದುಕೊಡಬೇಕೆಂಬ ಹಟ ಹತ್ತಿತು. ಕಟುಕನ ಬಳಿ ಕೆಲಸ ಕಲಿತು, ಜಾನುವಾರು ಸಾಗಿಸುವ ಹಡಗಿನಲ್ಲಿಯೂ ದುಡಿದಿದ್ದ ಸ್ಥಳೀಯನೊಬ್ಬನ ಹೆಸರನ್ನು ಗೃಹ ಇಲಾಖೆಗೆ ಕೊಟ್ಟರು. ಹಳೆಯ ಶಾಲಾ ತುಂಟಾಟ, ಅವರಿವರ ಮಾತು, ಅಕ್ಷರಗಳ ಹೋಲಿಕೆ... ಪೊಲೀಸರು ಎಡಲ್ಜಿ ವಿರುದ್ಧ ಹೂಡಿದ್ದಕ್ಕಿಂತ ಈ ಸಾಕ್ಷ್ಯ ಹೆಚ್ಚು ಗಟ್ಟಿಯಾಗಿರಲಿಲ್ಲ. ಇಲಾಖೆ ಅದನ್ನು ಒಪ್ಪಲಿಲ್ಲ. ಆ ವ್ಯಕ್ತಿಯ ಮೇಲೆ ಮೊಕದ್ದಮೆ ನಡೆಯಲೇ ಇಲ್ಲ. ಇತ್ತ ಆ್ಯನ್ಸನ್ ಕೂಡ ಸುಮ್ಮನಿರಲಿಲ್ಲ. ಡಾಯ್ಲ್ ಅವರ ದಾರಿ ತಪ್ಪಿಸಲು ತಾವೇ ಸುಳ್ಳು ಸಾಕ್ಷ್ಯ ಹೆಣೆದಿದ್ದನ್ನು 2015ರಲ್ಲಿ ಹರಾಜಿಗೆ ಬಂದ ಅವರ ಪತ್ರಗಳು ಬಯಲುಮಾಡಿದವು.

1907ರಲ್ಲಿಯೇ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯದ ಕಾಯಿದೆ ಬಂದುದರ ಹಿಂದೆ ಈ ಪ್ರಕರಣದ ಪಾಲೂ ಇದೆ. ಅದೇ ಸೆಪ್ಟೆಂಬರ್‌ನಲ್ಲಿ ಡಾಯ್ಲ್ ಜೀನ್ ಲೆಕಿ ಅವರನ್ನು ವರಿಸಿದಾಗ ಎಡಲ್ಜಿ ಆರತಕ್ಷತೆಯ ಅತಿಥಿ. ಮುಂದೆ ಗ್ಲಾಸ್ಗೋ ಕೊಲೆ ಪ್ರಕರಣದಲ್ಲಿ ಸಜೆಗೊಳಗಾದ ಜರ್ಮನ್ ಯಹೂದಿ ಆಸ್ಕರ್ ಸ್ಲೇಟರ್ ಪರವಾಗಿಯೂ ಡಾಯ್ಲ್ ಹೋರಾಡಿದರು. ಅದರ ಶಿಕ್ಷೆ ರದ್ದಾಗಲು 1928ರವರೆಗೆ ಕಾಯಬೇಕಾಯಿತು.

ಡಾಯ್ಲ್ 1930ರ ಜುಲೈ 7ರಂದು ನಿಧನರಾದರು. 1934ರಲ್ಲಿ ಬೇರೊಬ್ಬ ಕಾರ್ಮಿಕ, ವೈರ್ಲಿಯ ಬೆದರಿಕೆ ಪತ್ರಗಳಲ್ಲಿ ಕೆಲವನ್ನು ಬರೆದವನು ತಾನೆಂದು ಒಪ್ಪಿಕೊಂಡ. ಆತ ಡಾಯ್ಲ್ ಬೊಟ್ಟುಮಾಡಿದ್ದವನಲ್ಲ. ವಕೀಲಿಗೆ ಮರಳಿದ್ದ ಜಾರ್ಜ್ ಎಡಲ್ಜಿ, ಸೋದರಿಯೊಡನೆ ಬಾಳಿ 1953ರಲ್ಲಿ ತೀರಿಕೊಂಡರು. ಮೂರು ವರ್ಷಗಳ ಸೆರೆವಾಸಕ್ಕೆ ಅವರಿಗೆ ಪರಿಹಾರವಾಗಿ ಒಂದು ಪೈಸೆಯೂ ಸಿಗಲಿಲ್ಲ.