ಬಟ್ಟೆಯ ಗೊಂಬೆಯಲ್ಲಿ ಹೆರಿಗೆ ಕಲಿಸಿದಾಕೆ

ನರ್ಸಿಂಗ್ ಕಾಲೇಜಿನ ಸ್ಕಿಲ್ ಲ್ಯಾಬ್‌ನಲ್ಲಿ ಮಂಚದ ಮೇಲೆ ಮಲಗಿರುವ ಮ್ಯಾನಿಕಿನ್‌ಗೆ ಎಷ್ಟು ಸಲ ಸೂಜಿ ಚುಚ್ಚಿದರೂ ನೋವಾಗುವುದಿಲ್ಲ. ಹೆರಿಗೆ ಮಾಡಿಸುವಾಗ ಕೈ ತಪ್ಪಿದರೂ ಯಾರ ಜೀವವೂ ಹೋಗುವುದಿಲ್ಲ. ಸಿಮ್ಯುಲೇಷನ್ ಎನ್ನುವ ಈ ಕಲಿಕೆ ಕಂಪ್ಯೂಟರ್ ಬಂದ ಮೇಲಿನದು ಎಂದುಕೊಂಡವರೇ ಹೆಚ್ಚು. ಆದರೆ ವಿದ್ಯುತ್ ದೀಪವೂ ಇಲ್ಲದ ಕಾಲದಲ್ಲಿ ಫ್ರಾನ್ಸ್‌ನ ಸೂಲಗಿತ್ತಿಯೊಬ್ಬಳು ಬಟ್ಟೆ, ಚರ್ಮ ಸೇರಿಸಿ ಹೊಲಿದ ಗೊಂಬೆಯನ್ನಿಟ್ಟುಕೊಂಡು ಸಾವಿರಾರು ಹಳ್ಳಿ ಹೆಂಗಸರಿಗೆ ಹೆರಿಗೆ ಮಾಡಿಸುವ ವಿದ್ಯೆ ಹೇಳಿಕೊಟ್ಟಳು. ಆಕೆಯೇ ಆಂಜೆಲಿಕ್ ಡು ಕೂಡ್ರೆ.

ಹುಟ್ಟಿದ್ದು 1712ರ ಸುಮಾರಿಗೆ. ಪ್ಯಾರಿಸ್‌ನಲ್ಲಿ ಅನುಭವಿ ಸೂಲಗಿತ್ತಿಯೊಬ್ಬಳ ಕೈಕೆಳಗೆ ಕೆಲಸ ಕಲಿತು, ಪರೀಕ್ಷೆ ಪಾಸು ಮಾಡಿ, 1740ರಲ್ಲಿ ಪರವಾನಗಿ ಪಡೆದಳು. ಹೆರಿಗೆ ಕೋಣೆಗೆ ಗಂಡಸು ಶಸ್ತ್ರವೈದ್ಯರು ಕಾಲಿಡತೊಡಗಿದ್ದ ಕಾಲ ಅದು. ಅವರು ಸೂಲಗಿತ್ತಿಯರಿಗೆ ಪಾಠ ಹೇಳಲು ಹಿಂದೆಮುಂದೆ ನೋಡಿದಾಗ, ನಮಗೂ ಶಿಕ್ಷಣ ಬೇಕು ಎಂದು ಅರ್ಜಿ ಹಾಕಿದ ಪ್ಯಾರಿಸ್ ಸೂಲಗಿತ್ತಿಯರಲ್ಲಿ ಈಕೆಯೂ ಇದ್ದಳು.

ಮುಂದೆ ಪ್ಯಾರಿಸ್ ಬಿಟ್ಟು ಆವರ್ನ್ ಎಂಬ ಬಡ, ಗುಡ್ಡಗಾಡಿನ ಪ್ರಾಂತ್ಯಕ್ಕೆ ಹೋದಳು. ನಿಜವಾದ ಕಷ್ಟ ಕಂಡದ್ದು ಅಲ್ಲಿ. ಹಳ್ಳಿಗಳಲ್ಲಿ ಮಗು ಅಡ್ಡ ತಿರುಗಿದರೆ ಏನು ಮಾಡಬೇಕೆಂದು ಗೊತ್ತಿದ್ದವರು ವಿರಳ. ಸಿಕ್ಕಿದ್ದನ್ನು ಹಿಡಿದು ಎಳೆಯುತ್ತಿದ್ದರು. ತಾಯಿ, ಮಗು ಇಬ್ಬರೂ ಸಾಯುತ್ತಿದ್ದರು, ಇಲ್ಲವೇ ಬದುಕಿಡೀ ಊನ ಉಳಿಯುತ್ತಿತ್ತು. ಕಲಿಸೋಣವೆಂದರೆ ಕಲಿಯಬೇಕಾದ ಹೆಂಗಸರಿಗೆ ಓದು ಬರದು. ಚಿತ್ರ ತೋರಿಸಿ, ಬಾಯಲ್ಲಿ ಹೇಳಿ ಮುಗಿಸುವ ಕೆಲಸ ಇದಲ್ಲ. ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಮಗುವನ್ನು ಬೆರಳ ತುದಿಯಿಂದಲೇ ಗುರುತಿಸಬೇಕು. ಹಾಗೆಂದು ಕಲಿಯುವವಳ ಕೈಗೆ ನೋವು ತಿನ್ನುತ್ತಿರುವ ಬಸುರಿಯನ್ನು ಒಪ್ಪಿಸುವುದು ಹೇಗೆ?

ಆಗ ಹೊಲಿದದ್ದೇ ಆ ಗೊಂಬೆ. ಆಕೆ ಅದನ್ನು ಯಂತ್ರ ಎಂದೇ ಕರೆಯುತ್ತಿದ್ದಳು. ಹೆಂಗಸಿನ ಹೊಟ್ಟೆಯಿಂದ ತೊಡೆಯವರೆಗಿನ ಭಾಗ, ಆಳಿನ ಅಳತೆಯಲ್ಲೇ. ದಾರ, ಪಟ್ಟಿಗಳನ್ನು ಎಳೆದರೆ ಹೆರಿಗೆಯ ದಾರಿ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಗರ್ಭಕೋಶ, ಕಸ, ಹೊಕ್ಕುಳಬಳ್ಳಿ ಎಲ್ಲವೂ ಬಟ್ಟೆಯಲ್ಲಿದ್ದವು. ಮಗುವಿನ ಗೊಂಬೆ ಬೇರೆ. ಅದಕ್ಕೆ ಮೂಗು, ಕಿವಿ, ಬಾಯಿ, ಬಾಯೊಳಗೆ ನಾಲಿಗೆ. ಬೆರಳು ತೂರುವಷ್ಟು ಬಾಯಿ ತೆರೆದಿರುತ್ತಿತ್ತು, ಏಕೆಂದರೆ ಕಾಲು ಮುಂದಾಗಿ ಬಂದ ಮಗುವಿನ ತಲೆ ಸಿಕ್ಕಿಕೊಂಡಾಗ ಬಾಯಿಗೆ ಬೆರಳಿಟ್ಟು ತಲೆ ಬಾಗಿಸುವುದನ್ನು ಕಲಿಸಬೇಕಿತ್ತು. ಅವಳಿಗಳೂ ಇದ್ದವು. ಮುಂದೆ ರಕ್ತ, ಗರ್ಭದ ನೀರು ಹರಿದಂತೆ ಕಾಣಲು ಬಣ್ಣದ ದ್ರವ ಹೀರಿದ ಸ್ಪಂಜುಗಳನ್ನೂ ಸೇರಿಸಿದಳು. ಇಂದು ನಮ್ಮ ಲ್ಯಾಬ್‌ಗಳಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ, ಬಟ್ಟೆಯ ಜಾಗಕ್ಕೆ ಸಿಲಿಕೋನ್ ಬಂದಿದೆ.

ಪ್ಯಾರಿಸ್‌ನ ಶಸ್ತ್ರಚಿಕಿತ್ಸಾ ಅಕಾಡೆಮಿ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. 1759ರಲ್ಲಿ ಆಕೆಯ ಪಠ್ಯಪುಸ್ತಕ ಅಚ್ಚಾಯಿತು. ಅದೇ ವರ್ಷ ದೊರೆ 15ನೇ ಲೂಯಿ ದೇಶದೆಲ್ಲೆಡೆ ಹೆರಿಗೆ ಕಲಿಸುವಂತೆ ಸನದು ಬರೆದುಕೊಟ್ಟ. ಕರುಣೆಯಿಂದ ಮಾತ್ರ ಎಂದು ನನಗನ್ನಿಸುವುದಿಲ್ಲ. ಏಳು ವರ್ಷಗಳ ಯುದ್ಧ ನಡೆಯುತ್ತಿತ್ತು, ಜನಸಂಖ್ಯೆ ಕುಗ್ಗುತ್ತಿದೆ ಎಂಬ ಭಯ ಅರಮನೆಗಿತ್ತು. ಸೈನ್ಯಕ್ಕೂ ಹೊಲಕ್ಕೂ ಆಳು ಬೇಕಿತ್ತು. ಕಾರಣ ಏನೇ ಇರಲಿ, ಆಕೆ ಆ ಕಾಗದವನ್ನು ಚೆನ್ನಾಗಿ ಬಳಸಿಕೊಂಡಳು.

ಆಗ ವಯಸ್ಸು ಐವತ್ತರ ಹತ್ತಿರ. ಗಾಡಿಯಲ್ಲಿ ಗೊಂಬೆಗಳನ್ನು ಹೇರಿಕೊಂಡು ಹೊರಟವಳು ಮುಂದಿನ ಇಪ್ಪತ್ತಕ್ಕೂ ಹೆಚ್ಚು ವರ್ಷ ಊರಿಂದೂರಿಗೆ ತಿರುಗಿದಳು. ನಲವತ್ತಕ್ಕೂ ಹೆಚ್ಚು ಪಟ್ಟಣಗಳು. ಒಂದೊಂದು ಕಡೆ ಸುಮಾರು ಎರಡು ತಿಂಗಳ ತರಗತಿ. ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಬಂದು ಉಳಿಯುತ್ತಿದ್ದರು. ಪ್ರತಿಯೊಬ್ಬಳೂ ಸರದಿಯಲ್ಲಿ ಯಂತ್ರದ ಮುಂದೆ ನಿಂತು ಕೈಯಾರೆ ಮಾಡಬೇಕಿತ್ತು. ಸುಮ್ಮನೆ ನೋಡಿ ಹೋಗುವವರಿಗೆ ಅಲ್ಲಿ ಜಾಗವಿರಲಿಲ್ಲ. ಹೊರಡುವಾಗ ಒಂದು ಯಂತ್ರವನ್ನು ಊರಿನವರೇ ಕೊಂಡಿಟ್ಟುಕೊಳ್ಳುವಂತೆ ಮಾಡುತ್ತಿದ್ದಳು. ಸ್ಥಳೀಯ ಶಸ್ತ್ರವೈದ್ಯರನ್ನೂ ಅದರಲ್ಲೇ ತಯಾರು ಮಾಡಿ, ತಾನಿಲ್ಲದಾಗಲೂ ಪಾಠ ನಿಲ್ಲದಂತೆ ನೋಡಿಕೊಂಡಳು. ಆಕೆಯ ಕೈಯಲ್ಲೇ ಕಲಿತವರು ನಾಲ್ಕೈದು ಸಾವಿರ ಎಂಬ ಅಂದಾಜಿದೆ.

ವಿರೋಧಿಗಳೂ ಇದ್ದರು. ಎರಡು ತಿಂಗಳು ಏನೇನೂ ಸಾಲದು ಎಂಬುದು ಅವರ ದೂರು. ಅದನ್ನು ಪೂರ್ತಿ ತಳ್ಳಿಹಾಕಲಾಗದು. ಗೊಂಬೆ ಕಿರುಚುವುದಿಲ್ಲ, ಕೈ ಹಿಡಿದು ಗೋಗರೆಯುವುದಿಲ್ಲ. ಲೇಬರ್ ವಾರ್ಡ್‌ನಲ್ಲಿ ಮೊದಲ ದಿನ ನಿಂತ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಈ ವ್ಯತ್ಯಾಸ ಹೇಳುತ್ತಾರೆ. ಆದರೆ ಆ ಹಳ್ಳಿಗಳಲ್ಲಿ ಎರಡು ತಿಂಗಳ ತರಬೇತಿಯ ಎದುರಿಗಿದ್ದದ್ದು ಮೂರು ವರ್ಷದ ಕೋರ್ಸ್ ಅಲ್ಲ, ಏನೂ ಇಲ್ಲದಿರುವುದು.

ಎಪ್ಪತ್ತು ದಾಟಿದ ಮೇಲೆ, ಸೋದರ ಸೊಸೆಯೆಂದು ಕರೆದುಕೊಂಡು ಬೆಳೆಸಿದ್ದ ಮಾರ್ಗರಿಟ್ ಕುತಾನ್ಸೊಗೆ ಕೆಲಸ ವಹಿಸಿದಳು. ಆಕೆ ಬೋರ್ಡೊ ನಗರದಲ್ಲಿ ಗಂಡನೊಂದಿಗೆ ಹೆರಿಗೆ ವಿದ್ಯೆಯನ್ನು ಮುಂದುವರಿಸಿದಳು. ಅಷ್ಟರಲ್ಲಿ ಕ್ರಾಂತಿ ಬಂತು. ರಾಜನ ಹೆಸರಿನ ಸನದು ಹಿಡಿದಿದ್ದ ಮುದುಕಿಗೆ ಅದು ಒಳ್ಳೆಯ ಕಾಲವೇನಲ್ಲ. 1794ರಲ್ಲಿ ಬೋರ್ಡೊದಲ್ಲೇ ತೀರಿಕೊಂಡಳು.

ಆಕೆ ಮಾಡಿಸಿದ ಅಷ್ಟೊಂದು ಯಂತ್ರಗಳಲ್ಲಿ ಒಂದು ಇಂದಿಗೂ ರುವಾನ್ ನಗರದ ವೈದ್ಯಕೀಯ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ. ಮಾಸಿದ ಗುಲಾಬಿ ಬಟ್ಟೆ, ಪಕ್ಕದಲ್ಲಿ ಮಗುವಿನ ಗೊಂಬೆ. ಅದರ ಎಕ್ಸ್-ರೇ ತೆಗೆದಾಗ ಒಳಗೆ ಕಂಡದ್ದು ಮನುಷ್ಯರ ನಿಜವಾದ ಸೊಂಟದ ಮೂಳೆಗಳು. ನೂರಾರು ಹೆಂಗಸರ ಕೈಗಳು ಹೆರಿಗೆಯ ದಾರಿಯನ್ನು ತಡವಿ ಕಲಿತದ್ದು ಆ ಮೂಳೆಗಳ ಮೇಲೆ.