ಶಂಭುನಾಥ ದೇ

ಆಹಾರದಲ್ಲಿ ರೋಗಾಣು ಇದೆಯೇ ಎಂಬುದು ಒಂದು ಪ್ರಶ್ನೆ. ರೋಗಾಣು ಬಿಟ್ಟುಹೋದ ವಿಷವಿದೆಯೇ ಎಂಬುದು ಬೇರೆಯೇ ಪ್ರಶ್ನೆ. ತಂಗಳನ್ನು ಮತ್ತೆ ಕುದಿಸಿದರೆ ಅಣುಗಳು ಸಾಯಬಹುದು. ಕೆಲವು ವಿಷಗಳು ಮಾತ್ರ ಹಾಗೆಯೇ ಉಳಿಯುತ್ತವೆ. ಈ ಎರಡನ್ನೂ ಬೇರ್ಪಡಿಸಿ ನೋಡುವ ದಾರಿಯನ್ನು ತೋರಿದವರಲ್ಲಿ ವಂಗದೇಶದ ಶಂಭುನಾಥ ದೇ ಅವರು ಮುಖ್ಯರು. ನಮ್ಮ ಅರಿಶಿನಕುಂಟೆಯ ಕಡೆ ಹಿರಿಯರು ವಾಂತಿಭೇದಿಯೆಂದು ಕರೆಯುತ್ತಿದ್ದ ಕಾಲರಾ ಅವರ ಜೀವಮಾನದ ವ್ಯಾಸಂಗವಾಗಿತ್ತು.

ಅವರು ಹುಟ್ಟಿದ್ದು 1915ರ ಫೆಬ್ರವರಿ 1ರಂದು, ಹೂಗ್ಲಿ ಜಿಲ್ಲೆಯ ಗರಿಬಾಟಿ ಗ್ರಾಮದಲ್ಲಿ. ಸಿರಿವಂತರ ಮನೆತನವಲ್ಲ, ವಿದ್ಯಾರ್ಥಿವೇತನದ ಆಸರೆಯಿಂದ ಓದಿ, 1939ರಲ್ಲಿ ಕಲ್ಕತ್ತೆಯಲ್ಲಿ ವೈದ್ಯಪದವಿ ಪಡೆದರು. 1947ರಲ್ಲಿ ಲಂಡನ್ನಿಗೆ ಹೋಗಿ ರಾಯ್ ಕ್ಯಾಮರಾನ್ ಅವರ ಕೈಕೆಳಗೆ ರೋಗಶಾಸ್ತ್ರದಲ್ಲಿ ಸಂಶೋಧನೆ ನಡೆಸಿ, 1949ರಲ್ಲಿ ಪಿಎಚ್.ಡಿ. ಪಡೆದು ಸ್ವದೇಶಕ್ಕೆ ಮರಳಿದರು.

ಅದೇ ಕಲ್ಕತ್ತೆಯಲ್ಲಿ 1884ರಲ್ಲಿ ರಾಬರ್ಟ್ ಕಾಕ್ ಕಾಲರಾದ ಅಣುವನ್ನು ಗುರುತಿಸಿದ್ದನು. ಅದು ವಿಷದಿಂದ ಕೊಲ್ಲುತ್ತದೆಂದು ಊಹಿಸಿಯೂ ಇದ್ದನು. ಆದರೆ ಬೆಳೆದ ಮೊಲಕ್ಕೆ ಆ ಅಣುವನ್ನು ತಿನ್ನಿಸಿದರೆ ಅದಕ್ಕೆ ಏನೂ ಆಗುತ್ತಿರಲಿಲ್ಲ. ಊಹೆಯನ್ನು ಒರೆಗೆ ಹಚ್ಚುವುದಾದರೂ ಹೇಗೆ? ದೇ ಅವರು ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡೂ ತುದಿಗಳಲ್ಲಿ ದಾರದಿಂದ ಕಟ್ಟಿ, ಅಣುಗಳನ್ನು ನೇರವಾಗಿ ಅದರೊಳಕ್ಕೇ ಚುಚ್ಚಿದರು. ಒಂದು ದಿನ ಕಳೆಯುವಷ್ಟರಲ್ಲಿ ಆ ಭಾಗ ಅಕ್ಕಿ ತೊಳೆದ ನೀರಿನಂತಹ ದ್ರವದಿಂದ ಉಬ್ಬಿ ನಿಂತಿತು. ಅಣುವಿಲ್ಲದ ಪೋಷಕದ್ರವವನ್ನು ಚುಚ್ಚಿದ ಕರುಳು ಬರಿದಾಗಿಯೇ ಉಳಿಯಿತು. ಈ ಬರಿದಾದ ಕರುಳೇ ನನಗೆ ಹೆಚ್ಚು ಮೆಚ್ಚಿಗೆಯಾದುದು. ವಿಷವಿದ್ದಾಗ ಹೌದೆನ್ನುವುದಷ್ಟೇ ಅಲ್ಲದೆ, ಇಲ್ಲದಾಗ ಇಲ್ಲವೆನ್ನಲೂ ಬಲ್ಲ ಪರೀಕ್ಷೆಯನ್ನಲ್ಲವೆ ನಂಬಬೇಕಾದುದು? ಚಟರ್ಜಿಯವರೊಡನೆ ಈ ಫಲಿತಾಂಶವನ್ನು ಅವರು 1953ರಲ್ಲಿ ಪ್ರಕಟಿಸಿದರು.

ಇನ್ನೊಂದು ಹೆಜ್ಜೆ ಉಳಿದಿತ್ತು. ಅಣುಗಳು ಬೆಳೆದ ದ್ರವವನ್ನು ಸೋಸಿ, ಅವುಗಳನ್ನು ಪೂರ್ಣವಾಗಿ ತೆಗೆದು, ಉಳಿದ ತಿಳಿಯನ್ನು ಮಾತ್ರ ಚುಚ್ಚಿದರು. ಕರುಳು ಮತ್ತೆ ತುಂಬಿತು. 1959ರ ಮೇ 30ರ 'ನೇಚರ್' ಪತ್ರಿಕೆಯಲ್ಲಿ ಈ ಲೇಖನ ಬಂದಿತು. ಕಾಕನ ಊಹೆಗೆ ಪ್ರಮಾಣ ದೊರೆಯಲು ಎಪ್ಪತ್ತೈದು ವರ್ಷಗಳು ಬೇಕಾಗಿದ್ದುವು! ಆ ವಿಷವನ್ನು ಫಿಂಕೆಲ್‌ಸ್ಟೈನ್ ಮತ್ತು ಲೊಸ್ಪಲ್ಲುಟೊ ಶುದ್ಧರೂಪದಲ್ಲಿ ಬೇರ್ಪಡಿಸಿದ್ದು 1969ರಲ್ಲಿ.

ಈ ಕರುಳುಕಟ್ಟಿನ ಪರೀಕ್ಷೆ ಮುಂದೆ ಆಹಾರವಿಷಗಳ ಶೋಧನೆಗೂ ಒದಗಿತು. ಮಾಂಸದ ಅಡಿಗೆಯಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್, ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್, ಇವುಗಳ ವಿಷವನ್ನು ಅರಸಿದವರು ಮೊಲದ ಕರುಳನ್ನೇ ಆಶ್ರಯಿಸಿದರು. ಎಲ್ಲ ವಿಷಕ್ಕೂ ಅದು ಸಲ್ಲುತ್ತಿರಲಿಲ್ಲ. ಹಾಲಿನ ತಿನಿಸುಗಳನ್ನು ಕೆಡಿಸುವ ಸ್ಟಫೈಲೊಕಾಕಸ್‌ನ ವಿಷ ವಾಂತಿ ಬರಿಸುವಂಥದು. ಮೊಲಕ್ಕೋ ವಾಂತಿಯೇ ಆಗದು. ಅಲ್ಲಿ ಕೋತಿಗಳು ಬೇಕಾದುವು. ಇಂದು ಪ್ರತಿವಿಷಕಾಯಗಳನ್ನು ಬಳಸುವ ಪರೀಕ್ಷೆಗಳು ಬಂದು, ಮೂಕಪ್ರಾಣಿಗಳ ಹಿಂಸೆ ಬಹುಮಟ್ಟಿಗೆ ತಪ್ಪಿದೆ.

ದೇ ಅವರು 1973ರಲ್ಲಿ ಕಲ್ಕತ್ತ ಮೆಡಿಕಲ್ ಕಾಲೇಜಿನಿಂದ ನಿವೃತ್ತರಾದರು. ನೊಬೆಲ್ ಸಂಸ್ಥೆ 1978ರಲ್ಲಿ ಕಾಲರಾ ಕುರಿತು ಏರ್ಪಡಿಸಿದ ವಿಚಾರಗೋಷ್ಠಿಗೆ ಅವರನ್ನು ಕರೆಸಿಕೊಂಡಿತು. ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್ ಅವರ ಹೆಸರನ್ನು ಆ ಬಹುಮಾನಕ್ಕೇ ಸೂಚಿಸಿದ್ದರು. ನಮ್ಮ ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. ಇದನ್ನು ಮರೆವು ಎನ್ನಬೇಕೋ ಉದಾಸೀನವೆನ್ನಬೇಕೋ ನಾನರಿಯೆ. 1985ರ ಏಪ್ರಿಲ್ 15ರಂದು ಅವರು ತೀರಿಕೊಂಡರು. ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ ಅವರಿಗಾಗಿ ವಿಶೇಷ ಸಂಚಿಕೆಯನ್ನು ತಂದದ್ದು 1990ರಲ್ಲಿ.